ಬೈಸಿಕೊಳ್ಳಲು ಬಂದ ಸೊಸೆ

ಬರೆಯುವುದೆಂದರೆ ನನಗೆ ತಲೆನೋವು, ಸೊಸೆ ಸವಿತಾ ಬಿಡದೆ ತೋಟದವರ ಈ ಫೋನ್ ಗುಂಪಿನಲ್ಲಿ ಬರೆಸುತ್ತಿದ್ದಾಳೆ.

ನಮ್ಮೂರು ಗಂಡಸಿಯಲ್ಲಿ ತೆಂಗಿನಕಾಯಿ ಕೀಳುವವರು ಯಾವ ದಿನ ಯಾರ ತೋಟಕ್ಕೆ ಬರುತ್ತಾರೆಂದು ತಿಳಿಸುವ ಆ್ಯಪ್ ಮಾಡುತ್ತಿದ್ದಾಳೆ. ಇವತ್ತು ಅರ್ಧಂಬರ್ಧ ಆಗಿದ್ದನ್ನೇ ಫೋನಿನಲ್ಲಿ ತಂದು ನನ್ನ ಕೈಗಿಟ್ಟಳು.

"ಅಕ್ಷರ ಇರುವೆ ಥರ ಐತೆ. ಅರೆಬೆಂದ ಮುದ್ದೆ ಯಾರಾದ್ರೂ ಬಡಿಸ್ತಾರೇನೇ?" ಎಂದು ರೇಗಿದೆ.

"ಬೈಸ್ಕೊಳ್ಳೋಕೇ ತಂದಿದೀನಿ ಅತ್ತೆ. ಪೂರ್ತಿ ಮಾಡಿದ್ಮೇಲೆ ಬೈದ್ರೆ ಎಲ್ಲಾ ಕಿತ್ತಾಕ್ಬೇಕು. ತೋರಿಸಿದ್ರೆ ತೋಟದೋರೆಲ್ಲ ಚೆನ್ನಾಗೈತೆ ಅಂತಾರೆ, ಒಬ್ರೂ ಬಳಸಿ ನೋಡಲ್ಲ," ಎನ್ನುವಾಗ ಅವಳ ಕಣ್ಣು ತುಂಬಿತ್ತು.

ಪಕ್ಕದಲ್ಲೇ ಕೂತು ಅಕ್ಷರ ದಪ್ಪ ಮಾಡಿದಳು. ನಾನು ಮತ್ತೆ ಬೈದೆ, ಅವಳು ಮತ್ತೆ ತಿದ್ದಿದಳು. ಕೊನೆಗೆ ಕಾಫಿ ನಾನೇ ಮಾಡಿಕೊಟ್ಟೆ.

ನಾನೊಬ್ಬಳೇ ಎಷ್ಟು ಬೈಯಲಿ? 'ಸೂಪರ್' ಎಂದವರಿಗೆ ನಮ್ಮನೆಯಲ್ಲಿ ಕಾಫಿ ಇಲ್ಲ. ತೋಟದವರೆಲ್ಲ ಆ್ಯಪ್ ತೆರೆದು ನೋಡಿ, ಏನು ಸರಿಯಿಲ್ಲವೆಂದು ಭಾನುವಾರದೊಳಗೆ ಇಲ್ಲೇ ಬರೆಯಿರಿ.