ಅಮೆರಿಕದ ಕುಂಚಿಗೆ

ಬೊಮ್ಮಸಂದ್ರದ ಗಾರ್ಮೆಂಟ್ಸ್ ಒಂದರಲ್ಲಿ ನಾನು ಟೈಲರ್ ಆಗಿದ್ದಾಗ, ಒಂದು ಬೇಸಿಗೆ ವಿಚಿತ್ರವಾದ ಆರ್ಡರ್ ಬಂತು. ಪಾದ ಮುಚ್ಚುವ ಲಂಗ, ಮಣಿಕಟ್ಟಿನವರೆಗೆ ತೋಳಿರುವ ರವಿಕೆ, ಜೊತೆಗೆ ತಲೆಗೊಂದು ಟೊಪ್ಪಿಗೆ. ಮುಂದೆ ಅಗಲವಾದ ಅಂಚು, ಹಿಂದೆ ಕುತ್ತಿಗೆ ಮುಚ್ಚುವಂತೆ ಇಳಿಬಿಟ್ಟ ನೆರಿಗೆ, ಗದ್ದದ ಕೆಳಗೆ ಕಟ್ಟಿಕೊಳ್ಳಲು ಎರಡು ಕಸೆ. ಸ್ಯಾಂಪಲ್ ಕೈಗೆ ಬಂದದ್ದೇ ತಡ, ನನಗೆ ನಗು ತಡೆಯಲಾಗಲಿಲ್ಲ. ನನ್ನ ಬಾಯಿ ಮೊದಲಿಂದಲೂ ಸುಮ್ಮನಿರುವಂಥದ್ದಲ್ಲ.

"ಮೇಡಂ, ಇದು ಕುಂಚಿಗಿ ಅಲ್ರೀ," ಅಂದೆ.

ಮೇಡಂ ಅಂದರೆ ಆರ್ಡರುಗಳನ್ನು ನೋಡಿಕೊಳ್ಳುತ್ತಿದ್ದವರು. ನನಗಿಂತ ಚಿಕ್ಕವರು, ದಾವಣಗೆರೆ ಕಡೆಯವರು, ಹಣೆಯಲ್ಲಿ ತೆಳುವಾಗಿ ವಿಭೂತಿ ಇರುತ್ತಿತ್ತು. ಕುಂಚಿಗೆ ಅವರಿಗೂ ಗೊತ್ತು. ಬಾಣಂತನ ಮುಗಿದು ಮಗು ತವರಿನಿಂದ ಹೊರಡುವಾಗ ಅದರ ತಲೆ, ಕಿವಿ, ಬೆನ್ನು ಮುಚ್ಚುವಂತೆ ಅಜ್ಜಿ ಕಟ್ಟಿ ಕಳಿಸುವ ಬಟ್ಟೆ ಅದು. ಕುಂಚಿಗೆ ಕಟ್ಟಿದರು ಅಂದರೆ ಮಗು ತನ್ನ ಮನೆಗೆ ಹೊರಟಿತು ಅಂತ ಅರ್ಥ.

"ಹೌದಲ್ವಾ, ಹಂಗೇ ಇದೆ," ಅಂತ ಅವರೂ ನಕ್ಕರು. "ಆದ್ರೆ ಇದು ದೊಡ್ಡೋರು ಹಾಕ್ಕೊಳ್ಳೋದು ಕಣ್ರೀ. ಬಾನೆಟ್ ಅಂತಾರೆ."

"ಇಷ್ಟ್ ದೊಡ್ಡ ಹೆಂಗಸ್ರು ಕುಂಚಿಗಿ ಕಟ್ಕೊಂಡು ಎಲ್ಲಿಗೆ ಹೊಂಟಿದ್ರು?"

ಊಟದ ಹೊತ್ತಿಗೆ ಅವರು ಹೇಳಿದರು. ಬಹಳ ಹಿಂದೆ ಅಮೆರಿಕಕ್ಕೆ ಎಲ್ಲೆಲ್ಲಿಂದಲೋ ಬಡವರು ಹಡಗು ಹತ್ತಿ ಬಂದರಂತೆ. ಹೆಣ್ಣುಮಕ್ಕಳು ಬಟ್ಟೆ ಗಿರಣಿ ಸೇರಿದರಂತೆ, ಪಕ್ಕದವಳ ಭಾಷೆ ತನಗೆ ಬಾರದೆ, ತನ್ನದು ಅವಳಿಗೆ ಬಾರದೆ. ಗಿರಣಿ ಸಾಕಾಗಿ ಸ್ವಂತ ಹೊಲ ಬೇಕು ಅನ್ನಿಸಿದವರು ಕಮಾನು ಕಟ್ಟಿದ ಬಂಡಿಗಳಲ್ಲಿ, ಆಮೇಲಾಮೇಲೆ ರೈಲಿನಲ್ಲಿ, ಪಶ್ಚಿಮಕ್ಕೆ ಹೊರಟರಂತೆ. ಅವರ ಮರಿಮಕ್ಕಳು ಈಗ ವರ್ಷಕ್ಕೊಮ್ಮೆ ಅದೇ ವೇಷ ಹಾಕಿ ಹಬ್ಬ ಮಾಡುತ್ತಾರೆ. ನಾವು ಹೊಲಿಯುತ್ತಿದ್ದದ್ದು ಆ ಹಬ್ಬದ ಬಟ್ಟೆ.

"ಗುಳೆ ಹೋಗೋದು ಅನ್ರಿ ಮತ್ತ," ಅಂದೆ. ನಮ್ಮ ಕೊಪ್ಪಳದ ಕಡೆ ದುಡಿಮೆ ಹುಡುಕಿಕೊಂಡು ಊರು ಬಿಡುವುದಕ್ಕೆ ಹಾಗೇ ಅನ್ನುವುದು. ಅವರು ಪಡುವಣಕ್ಕೆ ಹೋದರು, ನಾವು ತೆಂಕಣಕ್ಕೆ ಬಂದೆವು.

ಪಕ್ಕದಲ್ಲಿ ಊಟಕ್ಕೆ ಕೂತಿದ್ದ, ದಾರ ಕತ್ತರಿಸುವ ಕೆಲಸದ ಆನೇಕಲ್ ಕಡೆಯ ಅಕ್ಕ ಮಾತ್ರ ನಗಲಿಲ್ಲ. ಫ್ಯಾಕ್ಟರಿಗಳು ಏಳುವ ಮೊದಲು ಅವರ ಅಪ್ಪನ ರಾಗಿ ಹೊಲ ಇಲ್ಲೇ ಎಲ್ಲೋ ಇತ್ತಂತೆ.

"ಅಂಗಾದ್ರೆ ಅಲ್ಲಿ ಮೊದ್ಲಿಂದ ಇದ್ದೋರು ಎಲ್ಗೋದ್ರಂತೆ?" ಅಂದರು.

"ಓಡಿಸಿಬಿಟ್ರು ಅಕ್ಕ," ಅಂದರು ಮೇಡಂ, ಮೆಲ್ಲಗೆ.

"ಅದ್ನೇ ಕೇಳ್ದೆ," ಅಂತ ಅಕ್ಕ ಊಟದ ಡಬ್ಬಿ ಮುಚ್ಚಿಟ್ಟರು.

ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ನನ್ನ ಮಗಳಿಗೆ ಕುಂಚಿಗೆ ಕಟ್ಟಿರಲೇ ಇಲ್ಲ. ಕತ್ತು ನಿಲ್ಲುವ ಮೊದಲೇ ಅವಳನ್ನು ಅವ್ವನ ಮಡಿಲಲ್ಲಿ ಬಿಟ್ಟು ನಾನೊಬ್ಬಳೇ ಬಸ್ಸು ಹತ್ತಿದ್ದೆ. ಗಂಡ ಕಟ್ಟಡದ ಕೆಲಸಕ್ಕೆ, ನಾನು ಮಷಿನ್ನಿಗೆ. ಶೀಟಿನ ರೂಮಿನಲ್ಲಿ ಕೂಸನ್ನು ನೋಡಿಕೊಳ್ಳಲು ಯಾರಿದ್ದರು? ಊರಲ್ಲೇ ಬೆಳೆದವಳು ಅಜ್ಜಿಯನ್ನೇ ಅವ್ವ ಅಂದಳು. ನನ್ನ ತಂಗಿಯನ್ನು ನೋಡಿ ಕಲಿತು ನನ್ನನ್ನು ಅಕ್ಕ ಅಂದಳು. ಕೇಳಿದವರೆಲ್ಲ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಆ ಬೇಸಿಗೆ ಅವಳನ್ನು ಕರೆತಂದು ಇಲ್ಲಿಯ ಶಾಲೆಗೆ ಸೇರಿಸಬೇಕೆಂದು ಹೊರಟಿದ್ದೆ. ಅವ್ವ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದಳು. "ಅಕಿ ಬರಂಗಿಲ್ಲ ಅಂತಾಳ. ಅಳಿಸಿ ಎಳಕೊಂಡ್ ಹೋಗೂದಾದ್ರ ನಾ ಕಳಸಂಗಿಲ್ಲ ನೋಡು. ನಕ್ಕೋಂತ ಬಂದ್ರ ಕರಕೊಂಡ್ ಹೋಗು."

ಮಧ್ಯಾಹ್ನ ಲೈನಿನ ಮಷಿನ್ನುಗಳೆಲ್ಲ ಒಟ್ಟಿಗೆ ಓಡುವಾಗ ಕಿವಿಗೆ ಒಂಥರಾ ಮಂಪರು ಕವಿಯುತ್ತದೆ. ಆ ಮಂಪರಿನಲ್ಲಿ ನನ್ನ ಸೂಜಿಯ ಕೆಳಗಿಂದ ಆ ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಡೆಯತೊಡಗುತ್ತಿದ್ದರು. ಅಂಚು ಮರೆಯಾಗಿ ಯಾರ ಮುಖವೂ ಕಾಣುತ್ತಿರಲಿಲ್ಲ. ನಮ್ಮೂರ ಎರೆಹೊಲದ ಹಾಗೆ ನೆಲ ಆಕಾಶಕ್ಕೆ ತಾಗುವವರೆಗೂ ಬಯಲು, ಸೊಂಟದೆತ್ತರ ಹುಲ್ಲು, ಹುಲ್ಲಿನ ನಡುವೆ ತೇಲಿದಂತೆ ಹೋಗುವ ಬಂಡಿಗಳು. ನಾನೂ ಅವರ ಹಿಂದೆ ಲಂಗ ಎತ್ತಿಕೊಂಡು ನಡೆಯುತ್ತಿದ್ದೆ. ಅವರಿಗೆ ಎಷ್ಟು ಕಷ್ಟವಿತ್ತೋ ನಾನು ಕಾಣೆ. ನನಗೆ ಕಾಣುತ್ತಿದ್ದದ್ದು ಬಂಡಿಯೊಳಗಿಂದ ಇಣುಕುವ ಮಕ್ಕಳು. ಏನೇ ಆಗಲಿ, ಇವರು ಮಕ್ಕಳನ್ನು ಜೊತೆಗೇ ಕರೆದುಕೊಂಡು ಹೊರಟರಲ್ಲ ಅಂತ ಹೊಟ್ಟೆಕಿಚ್ಚಾಗುತ್ತಿತ್ತು.

"ಏನಮ್ಮಾ, ಕನಸಾ?" ಅಂತ ಸೂಪರ್‌ವೈಸರ್ ಮೇಜು ಕುಟ್ಟಿದಾಗ ನೋಡಿದರೆ, ಕೈಯಲ್ಲಿದ್ದ ಟೊಪ್ಪಿಗೆಯ ನೆರಿಗೆಯನ್ನು ಬಿಗಿಯಾಗಿ ಎಳೆದು ಹೊಲಿದುಬಿಟ್ಟಿದ್ದೆ. ದೊಡ್ಡವರ ತಲೆಗೆ ಹಿಡಿಯುವಂತೆ ಇರಲಿಲ್ಲ. ಚೆಕಿಂಗಿನಲ್ಲಿ ರಿಜೆಕ್ಟ್ ಆಯಿತು. ಕೈ ತಪ್ಪಿತೋ, ಕೈಯೇ ಬೇಕಂತ ಹಾಗೆ ಮಾಡಿತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಬೈಸಿಕೊಂಡು ನಿಂತಿದ್ದ ನನ್ನನ್ನು ಮೇಡಂ ಕರೆದು, "ಮಗಳಿಗೆ ಇಟ್ಕೊಳ್ಳಿ, ಗೇಟ್ ಪಾಸ್ ನಾನ್ ಕೊಡಿಸ್ತೀನಿ," ಅಂದರು.

ಊರಿಗೆ ಹೋದಾಗ ಮಗಳು ಅಜ್ಜಿಯ ಸೆರಗು ಹಿಡಿದು ಹಿಂದೆ ನಿಂತಳು. ಕರೆದರೆ ಬರುವುದಿಲ್ಲ ಅಂತ ಗೊತ್ತಿತ್ತು. ಕಟ್ಟೆಯ ಮೇಲೆ ಕೂತು ಆ ಟೊಪ್ಪಿಗೆಯನ್ನು ನನ್ನ ತಲೆಗೇ ಕಟ್ಟಿಕೊಂಡೆ. ಅದು ತುರುಬಿನ ಮೇಲೆ ಕೂತುಕೊಂಡಿತು.

"ಅವ್ವಾ, ಅಕ್ಕ ಹುಚ್ಚಿ ಆಗ್ಯಾಳ," ಅಂತ ಅವಳು ಬಿದ್ದು ಬಿದ್ದು ನಕ್ಕಳು. ಹತ್ತಿರ ಬಂದು ಕಸೆ ಎಳೆದಳು. ತನ್ನ ತಲೆಗೆ ಇಟ್ಟುಕೊಂಡು ಕನ್ನಡಿಗೆ ಓಡಿದಳು. ಆಮೇಲೆ ಅದನ್ನು ಬಿಚ್ಚಲು ಬಿಡಲಿಲ್ಲ.

"ಇದು ಯಾವ ದೇಶದ ಕುಂಚಿಗಿ?" ಅಂದಳು ಅವ್ವ. ಹೇಳಿದೆ. "ಹೂಂ, ಗುಳೆ ಹೋಗೋರದು," ಅಂದು ಒಳಗೆ ಹೋಗಿ ಸೂಜಿ ತಂದಳು. ಬೋಳು ಅಂಚಿಗೆ ತನ್ನ ಹಳೇ ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡನ್ನು ಹೊಲಿದಳು. ಹೊರಡುವ ದಿನ ಮೊಮ್ಮಗಳ ಗದ್ದದ ಕೆಳಗೆ ಗಂಟು ಹಾಕುವಾಗ ಅವಳ ಬೆರಳು ಬಹಳ ಹೊತ್ತು ಅಲ್ಲೇ ಇದ್ದವು.

"ಹೋಗವ್ವ. ನಿಮ್ಮ ಮನಿಗೆ ಹೊಂಟಿ," ಅಂದಳು.

"ನೀನೂ ಬಾ."

"ನಾ ಆಮ್ಯಾಲೆ ಬರ್ತೀನಿ. ನಗು ನೋಡೂಣು."

ಮಗಳು ನಕ್ಕಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅವ್ವ ಕೂಡ ನಗುತ್ತಲೇ ನಿಂತಿದ್ದಳು. ಎಷ್ಟು ಗಟ್ಟಿ ಹೆಂಗಸು ಅನ್ನಿಸಿ ನನಗೇ ಅಳು ಬಂತು.

ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸಿ ಬೊಮ್ಮಸಂದ್ರದಲ್ಲಿ ಇಳಿದಾಗ ಬೆಳಗಾಗಿತ್ತು. ಮೊದಲ ಶಿಫ್ಟಿನವರು ಗುಂಪುಗುಂಪಾಗಿ ಗೇಟುಗಳ ಕಡೆ ನಡೆಯುತ್ತಿದ್ದರು, ಒಬ್ಬೊಬ್ಬರದು ಒಂದೊಂದು ಭಾಷೆ. ನನ್ನ ಹೆಗಲ ಮೇಲೆ ಮಲಗಿದ್ದ ಮಗಳು ಮಿಸುಕಾಡಿದಳು. ಕುಂಚಿಗೆಯ ಅಂಚು ಮುಖಕ್ಕೆ ಜಾರಿ ಅವಳಿಗೆ ಏನೂ ಕಾಣುತ್ತಿರಲಿಲ್ಲ.

"ಅವ್ವಾ," ಅಂದಳು.

ಯಾವ ಅವ್ವನನ್ನು ಕರೆದಳು ಅಂತ ನನಗೆ ಗೊತ್ತಿತ್ತು. ಅಂಚು ಸರಿಸಿ ಮುಖ ತೋರಿಸಲು ಧೈರ್ಯ ಸಾಲಲಿಲ್ಲ.

"ಯಾಕವ್ವಾ," ಅಂದೆ.

ಅವಳೇ ಅಂಚು ಎತ್ತಿ ನನ್ನನ್ನು ನೋಡಿದಳು. ಈಗ ಅಳುತ್ತಾಳೆ ಅಂದುಕೊಂಡೆ. ಅವಳು ರಸ್ತೆ ನೋಡಿದಳು, ನಡೆಯುವ ಜನರನ್ನು ನೋಡಿದಳು, ಮತ್ತೆ ನನ್ನ ಹೆಗಲಿಗೆ ತಲೆ ಇಟ್ಟಳು.

"ಮನಿ ಬಂತೇನು?" ಅಂದಳು.

"ಬಂತು," ಅಂದೆ.