ಸಭೆಯನ್ನು ಕದ್ದ ತಾವರೆ ಕೊಳ

ಗೆಳೆಯರೇ, ಸಿಂದಗಿಯ ನಮ್ಮ ಬಡಾವಣೆಯ ಉದ್ಯಾನದಲ್ಲಿ ಕೊಳ ಕಟ್ಟುತ್ತೇವೆ ಅಂದರು ಪುರಸಭೆಯವರು, ಕಟ್ಟಲಿಲ್ಲ. ಅದರ ಸುತ್ತ ಗಿಡ ಹಚ್ಚುತ್ತೇವೆ ಅಂದರು, ಹಚ್ಚಲಿಲ್ಲ. ಅದಕ್ಕಾಗಿ ಧರಣಿ ಕೂತು ಗಂಟಲು ಹರಿದುಕೊಂಡವನು ನಾನು. ನಮ್ಮ ಬಡಾವಣೆ ಸಂಘದ ಕಾಶಕ್ಕ ಮಾತ್ರ ತನ್ನ ಹಿತ್ತಲಲ್ಲೇ ಹೊಂಡ ತೋಡಿ, ನೀರು ಇಂಗದಂತೆ ಪ್ಲಾಸ್ಟಿಕ್ ತಾಡಪತ್ರಿ ಹಾಸಿ, ತಾವರೆ ಅರಳಿಸಿಬಿಟ್ಟಳು.

ಇಂದು ಸಂಘದ ಸಭೆಗೆಂದು ಎಂದಿನಂತೆ ನನ್ನ ಮನೆಯ ಕಟ್ಟೆಗೆ ಒಬ್ಬರೂ ಬರಲಿಲ್ಲ. ಹೋಗಿ ನೋಡಿದರೆ ಎಲ್ಲರೂ ಅವಳ ಕೊಳದ ದಂಡೆಯಲ್ಲಿ ಚಹಾ ಕುಡಿಯುತ್ತಿದ್ದರು. ನಾನು ನಿಂತಲ್ಲಿಂದಲೇ ಕೇಳಿಬಿಟ್ಟೆ.

"ಮಂದಿಗೆ ಕುಡಿಯಾಕ ನೀರಿಲ್ಲ, ನಿನಗ ತಾವರಿ ಬೇಕಾಗಿತ್ತೇನ ಕಾಶಕ್ಕಾ?"

"ಇದು ಜಳಕದ ನೀರ್ರಿ ಅಣ್ಣಾರ. ಉಸುಕಿನ್ಯಾಗ ಸೋಸಿ, ಕೆಸವಿನ ಬುಡಕ ಹಾಯಿಸಿ ತುಂಬೇನಿ. ನೀವು ಸ್ಕೂಟರ್ ತೊಳದ ನೀರು ಗಟಾರಕ್ಕ ಹೊಕ್ಕೈತಲ್ರಿ? ಬರ್ರಿ, ಚಾ ಆರತೈತಿ."

ಎಲ್ಲರೂ ನಕ್ಕರು. ಸಭೆ ಇನ್ನು ಮುಂದೆ ಎಲ್ಲಿ ಎಂದು ಕೈ ಎತ್ತಿಸಿದೆ. ನನ್ನ ಕಟ್ಟೆಯ ಪರ ಎದ್ದದ್ದು ನನ್ನದೊಂದೇ ಕೈ. ಹೆಂಡತಿಯ ಕೈ ಕೊಳದ ಪರ ಎದ್ದಿತ್ತು. ಬಹುಮತಕ್ಕೆ ತಲೆಬಾಗುವುದನ್ನು ಇವರಿಗೆಲ್ಲ ಕಲಿಸಿದವನೇ ನಾನು, ಏನು ಮಾಡಲಿ?

ಮುಂದಿನ ಸಭೆ ಭಾನುವಾರ ಸಂಜೆ ಐದಕ್ಕೆ, ಕಾಶಕ್ಕನ ಕೊಳದ ದಂಡೆಯಲ್ಲಿ. ತಾವರೆಯನ್ನು ಹೊಗಳುವವರು ನನ್ನಿಂದ ದೂರ ಕೂರಬೇಕು.