ಆ ಚಮಚ ನಾನು ಮಾಡಿದ್ದಲ್ಲ

“ಭಾಳ ಛಲೋ ಅದ ಯವ್ವಾ,” ಎಂದಳು ಕಮಲಾಪುರದ ನಮ್ಮ ಅಜ್ಜಿ. ಹಾಗೆಂದವಳೇ ನಾನು ಮಾಡಿ ತಂದ ಚಮಚವನ್ನು ತಾಟಿನ ಪಕ್ಕಕ್ಕಿಟ್ಟು, ನಡುಗುವ ಕೈಯಿಂದಲೇ ರೊಟ್ಟಿ ಮುರಿದಳು.

ಕೈ ನಡುಗುವವರಿಗೆಂದು ಹಿಡಿಕೆ ಭಾರ ಮಾಡಿದ ಚಮಚ ಅದು. ಕಲಬುರಗಿಯಲ್ಲಿ ನಾನು ಬಯೋಮೆಡಿಕಲ್ ಎಂಜಿನಿಯರಿಂಗ್ ಮೊದಲ ವರ್ಷದಲ್ಲಿದ್ದೆ. ಬಳಸಿದವರ ಬಾಯಿಂದ ಒಂದಾದರೂ ದೋಷ ಕೇಳಿ ತಿದ್ದದಿದ್ದರೆ ಪ್ರಾಜೆಕ್ಟ್ ಪಾಸಿಲ್ಲ ಎಂಬುದು ನಮ್ಮ ಮೇಡಂ ಶರತ್ತು. ಅಜ್ಜಿಯೋ, ಮನೆಮಕ್ಕಳು ತಂದದ್ದಕ್ಕೆ ಕೊಂಕು ತೆಗೆಯುವವಳೇ ಅಲ್ಲ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬಂದ ನಾನು ಊಟ ಮುಗಿಯುವವರೆಗೂ ವಾದಿಸಿದೆ. ಆಕೆ ಜಗ್ಗಲಿಲ್ಲ. ಕೊನೆಗೆ ಪಕ್ಷ ಬದಲಿಸಿದೆ.

“ಇದು ನಾ ಮಾಡಿದ್ದಲ್ಲ ಅಜ್ಜಿ. ನಮ್ಮ ಕ್ಲಾಸಿನ ಇನ್ನೊಬ್ಬಾಕಿ ಮಾಡ್ಯಾಳ.”

“ಮದ್ಲೇ ಹೇಳಬಾರ್ದೇನು! ರೊಟ್ಟಿ ತಿನ್ನೋರಿಗಿ ಚಮಚ ಮಾಡ್ಯಾಳಲ್ಲ, ಆಕಿ ಮನ್ಯಾಗ ಯಾರೂ ಉಣ್ಣಲ್ಲೇನು? ನನಗ ತ್ರಾಸ ಆಗೋದು ಚಾ ಕುಡಿಯಾಗ. ಬಾಯಿಗಿ ಬರೋದ್ರಾಗ ಅರ್ಧ ಚಾ ಸೀರಿ ಮ್ಯಾಲ.”

ಚಮಚ ಕೈಬಿಟ್ಟು, ಎರಡು ಹಿಡಿಕೆಯ, ತಳ ಭಾರವಾದ ಚಹಾ ಲೋಟ ಮಾಡಿದೆ. ಅದನ್ನೂ ಆ ಹುಡುಗಿಯ ಹೆಸರಿನಲ್ಲೇ ಒಯ್ದೆ. ಅಜ್ಜಿ ಹಿಡಿಕೆ ಸಣ್ಣದಾಯಿತೆಂದು ಬೈದಳು, ದೊಡ್ಡದು ಮಾಡಿದೆ.

ನಾನು ಪಾಸಾದೆ. ಅಜ್ಜಿ ಈಗ ಅದೇ ಲೋಟದಲ್ಲಿ ಚಹಾ ಕುಡಿಯುತ್ತಾಳೆ, ಸೀರೆಗೆ ಚೆಲ್ಲುವುದಿಲ್ಲ. ಫೋನ್ ಮಾಡಿದಾಗಲೆಲ್ಲ, “ಆ ಹುಡುಗಿ ಹೇಳಿದ್ದು ಕೇಳ್ತಾಳ, ಶಾಣ್ಯಾಕಿ ಅದಾಳ. ಬರೇ ವಾದ ಮಾಡಬ್ಯಾಡ, ಆಕಿ ನೋಡಿ ಏನರ ಕಲಿ,” ಎನ್ನುತ್ತಾಳೆ. ಕಲಿಯುತ್ತಿದ್ದೇನೆ.